ಗಟ್ಟಿಯಾಗಿ ಅನ್ನಿಸಿದ ಮಾತ್ರಕ್ಕೆ



ನಾನೀಗ ನಾಲ್ಕು ಅಂಕೆಗಳನ್ನು ನಿಧಾನವಾಗಿ, ಒಂದೊಂದಾಗಿ ಹೇಳುತ್ತೇನೆ. ನೀವು ಪ್ರತಿಯೊಂದಕ್ಕೂ ಒಂದು ಕೂಡಿಸಿ, ಅದೇ ಕ್ರಮದಲ್ಲಿ, ಅದೇ ಲಯದಲ್ಲಿ ಹೇಳಬೇಕು. ಮೂರು, ಐದು, ಒಂದು, ಆರು. ಉತ್ತರ ಗೊತ್ತಲ್ಲ: ನಾಲ್ಕು, ಆರು, ಎರಡು, ಏಳು. ಇಷ್ಟೇನಾ ಅನ್ನಿಸಿದವರು ಅವೇ ಅಂಕೆಗಳಿಗೆ ಒಂದರ ಬದಲು ಮೂರು ಕೂಡಿಸಿ ಹೇಳಿ. ಲಯ ತಪ್ಪಬಾರದು. ಎದುರಿಗೆ ಮನೆಯವರು ಯಾರಾದರೂ ಕೂತಿದ್ದರೆ ಅವರು ನಿಮ್ಮ ಕಣ್ಣಿನ ಪಾಪೆಯನ್ನೇ ನೋಡುತ್ತಿರಲಿ. ಲೆಕ್ಕ ಶುರುವಾದ ಕೂಡಲೇ ಅದು ಹಿಗ್ಗುತ್ತದೆ. ಲೆಕ್ಕ ಮುಗಿದಾಗ, ಇಲ್ಲವೇ ನೀವು 'ಆಗಲ್ಲ' ಎಂದು ಕೈಬಿಟ್ಟಾಗ, ಮತ್ತೆ ಕುಗ್ಗುತ್ತದೆ.

1960ರ ದಶಕದ ನಡುವೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಕಾಹ್ನೆಮನ್ ಎಂಬ ಮನಶ್ಶಾಸ್ತ್ರಜ್ಞರು ಜಾಕ್ಸನ್ ಬೀಟಿ ಎಂಬ ವಿದ್ಯಾರ್ಥಿಯೊಂದಿಗೆ ಮಾಡುತ್ತಿದ್ದ ಕೆಲಸ ಇದೇ. ಗದ್ದ ಮತ್ತು ಹಣೆ ಅಲುಗಾಡದಂತೆ ಒಂದು ಆಸರೆಗೆ ಒರಗಿಸಿಕೊಂಡು ಒಬ್ಬರು ಕ್ಯಾಮೆರಾವನ್ನೇ ದಿಟ್ಟಿಸುತ್ತ ಕೂರುತ್ತಿದ್ದರು. ಕಿವಿಗೆ ಅಂಕೆಗಳು ಬೀಳುತ್ತಿದ್ದವು. ಅಂಕೆಗಳು ಜಮೆಯಾದಂತೆಲ್ಲ ಪಾಪೆ ದೊಡ್ಡದಾಗುತ್ತಿತ್ತು. ಮೂರು ಕೂಡಿಸುವ ಕಠಿಣ ಆಟದಲ್ಲಂತೂ ಅದರ ವಿಸ್ತೀರ್ಣ ಮೊದಲಿದ್ದುದಕ್ಕಿಂತ ಶೇಕಡಾ 50ರಷ್ಟು ಹೆಚ್ಚುತ್ತಿತ್ತು, ಎದೆಬಡಿತವೂ ನಿಮಿಷಕ್ಕೆ ಏಳರಷ್ಟು ಏರುತ್ತಿತ್ತು. ಕೂತವರು ಯಾವ ಕ್ಷಣದಲ್ಲಿ ಸೋತು ಕೈಬಿಟ್ಟರು ಎಂಬುದನ್ನು ಅವರು ಬಾಯಿ ಬಿಡುವ ಮೊದಲೇ ಪರದೆಯ ಮೇಲಿನ ಕಣ್ಣು ಹೇಳಿಬಿಡುತ್ತಿತ್ತು. ಈ ಸಂಶೋಧನೆ 1966ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಪ್ರಯೋಗದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಸಂಗತಿಗಳು ಎರಡು. ಒಂದು, ಲೆಕ್ಕದ ಒತ್ತಡ ತುತ್ತತುದಿಯಲ್ಲಿದ್ದಾಗ ಕಣ್ಣೆದುರಿನ ಪರದೆಯ ಮೇಲೆ ಒಂದು ಅಕ್ಷರ ಮಿಂಚಿ ಮಾಯವಾದರೆ ಅದು ಸುಮಾರು ಅರ್ಧದಷ್ಟು ಸಲ ಕಾಣುತ್ತಲೇ ಇರಲಿಲ್ಲ. ಕಣ್ಣು ತೆರೆದೇ ಇತ್ತು, ನೋಟ ಅಲ್ಲೇ ನೆಟ್ಟಿತ್ತು, ಆದರೂ ಕಾಣಲಿಲ್ಲ. ಎರಡು, ಪ್ರಯೋಗದ ಬಿಡುವಿನಲ್ಲಿ ಅದೇ ವ್ಯಕ್ತಿ ಅದೂ ಇದೂ ಹರಟುತ್ತಿದ್ದಾಗ ಪಾಪೆ ಹಿಗ್ಗುತ್ತಲೇ ಇರಲಿಲ್ಲ. ದಿನದ ಬಹುಪಾಲು ಮಾತು, ನೋಟ, ತೀರ್ಮಾನಗಳೆಲ್ಲ ಹೀಗೆ ಸಲೀಸಾಗಿ ನಡೆದುಬಿಡುತ್ತವೆ. ಗಮನ ಅನ್ನುವುದು ಮಿತವಾಗಿ ಸಿಗುವ ಬಂಡವಾಳ, ಮನಸ್ಸು ಅದನ್ನು ಜುಗ್ಗತನದಿಂದಲೇ ಖರ್ಚು ಮಾಡುತ್ತದೆ. ನಮ್ಮಲ್ಲಿ ಅಷ್ಟಾವಧಾನ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಪದ್ಯ ಕಟ್ಟುತ್ತಿರುವ ಅವಧಾನಿಯ ಗಮನವನ್ನು ಕದಿಯುವುದಕ್ಕೆಂದೇ ಅಪ್ರಸ್ತುತ ಪ್ರಸಂಗಿಯನ್ನು ಕೂರಿಸಿರುತ್ತಾರೆ.

ಗಮನದ ಮೇಲಿನ ಈ ಕೆಲಸವನ್ನು ಕಾಹ್ನೆಮನ್ 1973ರಲ್ಲಿ ಪುಸ್ತಕವಾಗಿ ತಂದರು. ಆ ಹೊತ್ತಿಗೆ ಅವರು ಇಸ್ರೇಲಿನಲ್ಲಿ ಇನ್ನೊಂದು ಪರೀಕ್ಷೆಯನ್ನೂ ರೂಪಿಸಿದ್ದರು. ಎರಡು ಕಿವಿಗೂ ಒಟ್ಟಿಗೇ ಬೇರೆ ಬೇರೆ ಮಾತು ಕೇಳಿಸುತ್ತದೆ. ಒಂದು ಕಿವಿಯ ಮಾತನ್ನಷ್ಟೇ ಹಿಡಿಯಬೇಕು, ಸೂಚನೆ ಬಂದ ಕೂಡಲೇ ಇನ್ನೊಂದು ಕಿವಿಗೆ ಹಾರಬೇಕು. ಹೀಗೆ ಹಾರುವಾಗ ತಡವರಿಸಿದವರು ವಿಮಾನ ಚಾಲನೆಯ ತರಬೇತಿಯಲ್ಲಿ ಹಿಂದೆ ಬೀಳುವ ಸಂಭವ ಹೆಚ್ಚು ಎಂದು ಗೊತ್ತಾಯಿತು. ಬಸ್ ಚಾಲಕರಲ್ಲೂ ಇದೇ ಪರೀಕ್ಷೆಗೂ ಅಪಘಾತಗಳಿಗೂ ನಂಟು ಕಂಡಿತು.

ಗಮನ ಕೊಟ್ಟು ಯೋಚಿಸುವುದು ದುಬಾರಿಯಾದ್ದರಿಂದ ಮನಸ್ಸು ಥಟ್ಟನೆ ಹೊಳೆದ ಉತ್ತರವನ್ನೇ ಒಪ್ಪಿಕೊಂಡು ಮುಂದೆ ಹೋಗುತ್ತದೆ. ಹಾಗೆ ಹೊಳೆದದ್ದು ಎಷ್ಟು ಗಟ್ಟಿಯಾಗಿ ಅನ್ನಿಸುತ್ತದೆ ಅನ್ನುವುದಕ್ಕೂ ಅದು ಎಷ್ಟು ನಿಜ ಅನ್ನುವುದಕ್ಕೂ ಸಂಬಂಧ ಬಹಳ ತೆಳು. ಕಾಹ್ನೆಮನ್ ಜೀವಮಾನವಿಡೀ ಹಿಂಬಾಲಿಸಿದ್ದು ಈ ಒಂದೇ ಸಂಗತಿಯನ್ನು ಎಂದು ನಾನು ತಿಳಿದಿದ್ದೇನೆ. ಅದರ ಮೊದಲ ಸುಳಿವು ಅವರಿಗೆ ಸಿಕ್ಕಿದ್ದು ಪ್ರಯೋಗಾಲಯದಲ್ಲಲ್ಲ, ಸೈನ್ಯದ ಮೈದಾನದಲ್ಲಿ.

ಅವರು ಹುಟ್ಟಿದ್ದು 1934ರಲ್ಲಿ, ಟೆಲ್ ಅವೀವ್‌ನಲ್ಲಿ. ಬೆಳೆದದ್ದು ಪ್ಯಾರಿಸ್ಸಿನಲ್ಲಿ, ನಾಜಿಗಳ ಆಳ್ವಿಕೆಯಡಿ. ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡು ಓಡಾಡಬೇಕಿತ್ತು, ಸಂಜೆ ಆರರ ಮೇಲೆ ಹೊರಗೆ ಕಾಣಿಸಿಕೊಳ್ಳುವಂತಿರಲಿಲ್ಲ. ಒಂದು ಸಂಜೆ ಗೆಳೆಯನ ಮನೆಯಲ್ಲಿ ಆಡುತ್ತ ಹೊತ್ತು ಮೀರಿ, ನಕ್ಷತ್ರ ಕಾಣದಂತೆ ಸ್ವೆಟರನ್ನು ಒಳಹೊರಗು ತಿರುಗಿಸಿ ತೊಟ್ಟು ಬರುತ್ತಿದ್ದ ಹುಡುಗನನ್ನು ಕಪ್ಪು ಸಮವಸ್ತ್ರದ ಎಸ್‌ಎಸ್ ಸೈನಿಕನೊಬ್ಬ ಹತ್ತಿರ ಕರೆದ. ಎತ್ತಿಕೊಂಡು ಅಪ್ಪಿದ. ಜೇಬಿನಿಂದ ಒಬ್ಬ ಬಾಲಕನ ಚಿತ್ರ ತೆಗೆದು ತೋರಿಸಿ, ಕೈಗೆ ಒಂದಿಷ್ಟು ದುಡ್ಡಿಟ್ಟು ಕಳಿಸಿದ. ಮನುಷ್ಯರು ಎಷ್ಟೊಂದು ಜಟಿಲ ಎಂದು ತಾಯಿ ಹೇಳುತ್ತಿದ್ದ ಮಾತು ಅಂದು ತನಗೆ ನಿಜವೆನಿಸಿತು ಎಂದು ಅವರು ಬಹುಕಾಲದ ನಂತರ ಬರೆದಿದ್ದಾರೆ. ತಂದೆ 1944ರಲ್ಲಿ ತೀರಿಕೊಂಡರು. ಆಮೇಲೆ ಕುಟುಂಬ ಪ್ಯಾಲೆಸ್ಟೈನಿಗೆ ಬಂತು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪದವಿ ಮುಗಿಸಿ ಅವರು ಸೈನ್ಯ ಸೇರಿದರು.

ಅಧಿಕಾರಿ ಹುದ್ದೆಗೆ ಯಾರು ತಕ್ಕವರು ಎಂದು ಆರಿಸುವುದು ಅವರಿಗೆ ಬಂದ ಕೆಲಸಗಳಲ್ಲೊಂದು. ಒಬ್ಬರಿಗೊಬ್ಬರು ಪರಿಚಯವಿಲ್ಲದ ಎಂಟು ಯುವಕರು, ಭುಜದ ಪಟ್ಟಿ ಕಳಚಿ, ಬರೀ ಸಂಖ್ಯೆಯ ಚೀಟಿ ಅಂಟಿಸಿಕೊಂಡು ಮೈದಾನಕ್ಕೆ ಬರುತ್ತಿದ್ದರು. ಅವರೆದುರು ಒಂದು ಉದ್ದನೆಯ ಮರದ ದಿಮ್ಮಿ ಮತ್ತು ಆರಡಿ ಎತ್ತರದ ಗೋಡೆ. ದಿಮ್ಮಿ ನೆಲಕ್ಕಾಗಲಿ ಗೋಡೆಗಾಗಲಿ ತಾಗದಂತೆ, ತಾವೂ ಗೋಡೆ ಮುಟ್ಟದಂತೆ, ಎಂಟೂ ಜನ ಆಚೆ ದಾಟಬೇಕು. ತಾಗಿದರೆ ಮೊದಲಿನಿಂದ ಶುರು. ನಾಯಕ ಯಾರು ಎಂದು ಯಾರೂ ಹೇಳಿಕೊಡುವುದಿಲ್ಲ. ಬಿಸಿಲಲ್ಲಿ ನಿಂತು ನೋಡುತ್ತಿದ್ದವರಿಗೆ ಒಬ್ಬೊಬ್ಬರ ಸ್ವಭಾವವೂ ಅಂಗೈ ನೆಲ್ಲಿಯಂತೆ ಕಾಣುತ್ತಿತ್ತು. ಇವನು ಗಟ್ಟಿಗ, ಇವನು ಮುಂಗೋಪಿ, ಅವನು ತನ್ನ ಮಾತು ನಡೆಯದಿದ್ದರೆ ಸಪ್ಪಗಾಗುವವನು, ಇನ್ನೊಬ್ಬನಂತೂ ಹುಟ್ಟಾ ನಾಯಕ. ಅಂಕ ಕೊಡುವಾಗ ಅನುಮಾನವೇ ಬರುತ್ತಿರಲಿಲ್ಲ.

ಕೆಲವು ತಿಂಗಳಿಗೊಮ್ಮೆ ಅಧಿಕಾರಿಗಳ ತರಬೇತಿ ಶಾಲೆಯಿಂದ ವರದಿ ಬರುತ್ತಿತ್ತು. ಇವರು ಕೊಟ್ಟ ಭವಿಷ್ಯಕ್ಕೂ ಅಲ್ಲಿ ಆ ಯುವಕರು ನಡೆದುಕೊಂಡ ರೀತಿಗೂ ಹೊಂದಿಕೆಯೇ ಇಲ್ಲ. ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಕೂದಲೆಳೆಯಷ್ಟು ಮೇಲು, ಅಷ್ಟೇ. ಆದರೆ ಮರುದಿನ ಹೊಸ ತಂಡ ಬರುತ್ತಿತ್ತು, ದಿಮ್ಮಿ ಎತ್ತುತ್ತಿತ್ತು, ಇವರಿಗೆ ಮತ್ತೆ ಅದೇ ಖಚಿತತೆ. ನಿನ್ನೆ ಓದಿದ ವರದಿ ಇವತ್ತಿನ ಕಣ್ಣಿಗೆ ಏನೂ ಮಾಡಲಿಲ್ಲ. ಕಾಹ್ನೆಮನ್ ಇದಕ್ಕೆ ಸಿಂಧುತ್ವದ ಭ್ರಮೆ ಎಂಬರ್ಥದ ಹೆಸರು ಕೊಟ್ಟರು. ನಾವು ನೋಡಿದ್ದು ಒಂದು ಗಂಟೆ, ಒಂದು ಗೋಡೆ, ಒಂದು ದಿಮ್ಮಿ. ಆ ಚೂರಿನಿಂದ ಒಂದು ಅಚ್ಚುಕಟ್ಟಾದ ಕತೆ ಹುಟ್ಟಿತು, ಕತೆಯ ಅಚ್ಚುಕಟ್ಟುತನವೇ ನಂಬಿಕೆಯಾಯಿತು. ಕಾಣದೆ ಉಳಿದದ್ದು ಎಷ್ಟು ಎಂದು ಮನಸ್ಸು ಕೇಳಲೇ ಇಲ್ಲ.

ಭ್ರಮೆಗೆ ಹೆಸರಿಟ್ಟು ಅವರು ಸುಮ್ಮನಾಗಲಿಲ್ಲ. 1955ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಹೊಸದಾಗಿ ಸೈನ್ಯ ಸೇರುವವರ ಸಂದರ್ಶನವನ್ನೇ ಬೇರೆ ರೀತಿ ಕಟ್ಟಿದರು. ಜವಾಬ್ದಾರಿ, ಜನರೊಂದಿಗೆ ಬೆರೆಯುವ ಗುಣ ಇಂಥ ಆರು ಅಂಶಗಳನ್ನು ಆರಿಸಿಕೊಂಡರು. ಪ್ರತಿಯೊಂದಕ್ಕೂ ಬರೀ ಸಂಗತಿಯನ್ನು ಕೇಳುವ ಪ್ರಶ್ನೆಗಳು: ಎಷ್ಟು ಕಡೆ ಕೆಲಸ ಮಾಡಿದ್ದೀರಿ, ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದಿರಾ, ಗೆಳೆಯರನ್ನು ಎಷ್ಟು ಸಲ ಭೇಟಿಯಾಗುತ್ತೀರಿ. ಒಂದು ಅಂಶ ಮುಗಿಸಿ, ಅಂಕ ಬರೆದು, ಆಮೇಲಷ್ಟೇ ಇನ್ನೊಂದಕ್ಕೆ ಹೋಗಬೇಕು. ಸಂದರ್ಶಕರು ಸಿಟ್ಟಾದರು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದರು. ಆಗ ಕಾಹ್ನೆಮನ್ ಒಂದು ರಾಜಿ ಮಾಡಿಕೊಂಡರು. ಆರೂ ಅಂಕ ಬರೆದು ಮುಗಿದ ಮೇಲೆ ಕಣ್ಣು ಮುಚ್ಚಿ, ಆ ಹುಡುಗನನ್ನು ಸೈನಿಕನಾಗಿ ಕಲ್ಪಿಸಿಕೊಂಡು, ಮನಸ್ಸಿಗೆ ಬಂದ ಒಂದು ಅಂಕ ಕೊಡಿ ಎಂದರು. ಹೊಸ ವಿಧಾನದ ಫಲಿತಾಂಶ ಹಳೆಯದಕ್ಕಿಂತ ಎಷ್ಟೋ ಮೇಲಾಯಿತು. ಅವರಿಗೇ ಆಶ್ಚರ್ಯವಾಗುವಂತೆ, ಕಣ್ಣು ಮುಚ್ಚಿ ಕೊಟ್ಟ ಆ ಕೊನೆಯ ಅಂಕವೂ ಆರು ಅಂಕಗಳ ಮೊತ್ತದಷ್ಟೇ ಚೆನ್ನಾಗಿ ಕೆಲಸ ಮಾಡಿತು. ಸಂಗತಿಗಳನ್ನು ಒಂದೊಂದಾಗಿ ಕೂಡಿಹಾಕಿದ ಮೇಲೆ ಬರುವ ಅಂತಃಪ್ರಜ್ಞೆಗೆ ಬೆಲೆಯಿದೆ, ಬಾಗಿಲಲ್ಲಿ ಕಾಲಿಟ್ಟಾಗಲೇ ಬಂದದ್ದಕ್ಕೆ ಇಲ್ಲ.

ನಮ್ಮಲ್ಲಿ ಆಯ್ಕೆ ಸಮಿತಿಗಳಲ್ಲಿ ಕೂರುವ ಹಿರಿಯರು ಈ ವಿಚಾರವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನನ್ನ ಮನವಿ. ಅಭ್ಯರ್ಥಿ ಹೊರಗೆ ಹೋಗುತ್ತಲೇ ಅಧ್ಯಕ್ಷರು 'ಹುಡುಗ ಚುರುಕಾಗಿದ್ದಾನೆ, ಏನಂತೀರಿ?' ಎಂದುಬಿಟ್ಟರೆ ಉಳಿದ ಮೂವರು ಕೊಡುವುದು ತಮ್ಮ ಅಭಿಪ್ರಾಯವನ್ನಲ್ಲ, ಅಧ್ಯಕ್ಷರದನ್ನೇ. ಬಾಯಿ ತೆರೆಯುವ ಮುಂಚೆ ಎಲ್ಲರೂ ತಂತಮ್ಮ ಅಂಕವನ್ನು ಹಾಳೆಯ ಮೇಲೆ ಬರೆದಿಡಲಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಒಬ್ಬ ಬಡ ಹುಡುಗಿಯ ಕೆಲಸ ಅದರ ಮೇಲೆ ನಿಂತಿರಬಹುದು.

ಈಗ ನನ್ನಂಥ ಮೇಷ್ಟರುಗಳಿಗೆ ನೇರವಾಗಿ ತಟ್ಟುವ ಒಂದು ಪ್ರಸಂಗ ಹೇಳುತ್ತೇನೆ. 1960ರ ದಶಕದಲ್ಲಿ ಕಾಹ್ನೆಮನ್ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುತ್ತಿದ್ದರು. ಶಿಕ್ಷೆಗಿಂತ ಮೆಚ್ಚುಗೆಯಿಂದ ಕಲಿಕೆ ಚೆನ್ನಾಗಿ ಆಗುತ್ತದೆ ಎಂದರು. ಅನುಭವಸ್ಥ ತರಬೇತುದಾರರೊಬ್ಬರು ಎದ್ದುನಿಂತು, ಅದು ಪುಸ್ತಕದ ಮಾತು, ನಾನು ಕಂಡದ್ದು ಬೇರೆ ಎಂದರು. ಕೆಡೆಟ್ ಒಬ್ಬ ವಿಮಾನವನ್ನು ಸೊಗಸಾಗಿ ತಿರುಗಿಸಿದಾಗ ಶಭಾಷ್ ಅಂದರೆ ಮುಂದಿನ ಸಲ ಕೆಡಿಸುತ್ತಾನೆ. ಕೆಟ್ಟದಾಗಿ ಹಾರಿಸಿದವನನ್ನು ಚೆನ್ನಾಗಿ ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ. ದಯವಿಟ್ಟು ನಮಗೆ ಮೆಚ್ಚುಗೆಯ ಪಾಠ ಬೇಡ ಎಂದರು.

ಆ ತರಬೇತುದಾರರು ಕಂಡದ್ದು ನಿಜವೇ. ತಪ್ಪಿದ್ದು ಕಾರಣದಲ್ಲಿ. ಅದನ್ನು ತೋರಿಸಲು ಕಾಹ್ನೆಮನ್ ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ಗುರುತು ಹಾಕಿದರು. ಅಧಿಕಾರಿಗಳೆಲ್ಲ ಗುರುತಿಗೆ ಬೆನ್ನು ತಿರುಗಿಸಿ ನಿಂತು, ನೋಡದೆ, ಎರಡೆರಡು ನಾಣ್ಯ ಎಸೆಯಬೇಕು. ಪ್ರತಿ ಎಸೆತದ ದೂರ ಅಳೆದು ಹಲಗೆಯ ಮೇಲೆ ಬರೆದರು. ಮೊದಲ ಎಸೆತ ಗುರುತಿನ ಹತ್ತಿರ ಬಿದ್ದವರಲ್ಲಿ ಬಹುಪಾಲು ಜನರ ಎರಡನೆಯದು ದೂರ ಬಿತ್ತು. ಮೊದಲನೆಯದು ದೂರ ಬಿದ್ದವರದ್ದು ಎರಡನೆಯ ಸಲ ಹತ್ತಿರ ಬಂತು. ಅಲ್ಲಿ ಯಾರೂ ಯಾರನ್ನೂ ಹೊಗಳಿರಲಿಲ್ಲ, ಬೈದಿರಲಿಲ್ಲ. ತುಂಬಾ ಒಳ್ಳೆಯ ಎಸೆತದಲ್ಲಿ ಒಂದಿಷ್ಟು ಅದೃಷ್ಟ ಸೇರಿರುತ್ತದೆ, ತುಂಬಾ ಕೆಟ್ಟದ್ದರಲ್ಲಿ ದುರದೃಷ್ಟ. ಅದು ಎರಡನೆಯ ಸಲವೂ ಜೊತೆಗಿರಬೇಕೆಂದಿಲ್ಲ, ಹಾಗಾಗಿ ಎರಡೂ ಸರಾಸರಿಯ ಕಡೆಗೆ ಸರಿಯುತ್ತವೆ.

ಇದರ ಪರಿಣಾಮ ಕ್ರೂರವಾದದ್ದು. ಮಗು ಬಹಳ ಕೆಟ್ಟದಾಗಿ ಮಾಡಿದಾಗ ನಾವು ಬೈಯುತ್ತೇವೆ, ಮುಂದಿನ ಸಲ ಅದು ಹೇಗಿದ್ದರೂ ತುಸು ಸುಧಾರಿಸುತ್ತಿತ್ತು. ಬಹಳ ಚೆನ್ನಾಗಿ ಮಾಡಿದಾಗ ಬೆನ್ನು ತಟ್ಟುತ್ತೇವೆ, ಮುಂದಿನ ಸಲ ಅದು ಹೇಗಿದ್ದರೂ ತುಸು ಇಳಿಯುತ್ತಿತ್ತು. ಹೊಗಳಿದರೆ ಮಕ್ಕಳು ಕೆಡುತ್ತಾರೆ, ದಂಡಂ ದಶಗುಣಂ ಎಂಬ ನಂಬಿಕೆಗೆ ಪ್ರತಿದಿನವೂ ಹೀಗೆ ಸುಳ್ಳು ಪುರಾವೆ ಸಿಗುತ್ತಲೇ ಇರುತ್ತದೆ. ಬೆತ್ತ ಹಿಡಿದವರೆಲ್ಲ ಕೆಟ್ಟವರಾಗಿರಲಿಲ್ಲ. ಅವರ ಕಣ್ಣೆದುರೇ ಬೆತ್ತ 'ಕೆಲಸ ಮಾಡಿತ್ತು'. ಎಷ್ಟು ಮಕ್ಕಳ ಅಂಗೈ ಈ ಒಂದು ಲೆಕ್ಕದ ತಪ್ಪಿಗೆ ಕೆಂಪಾಗಿದೆಯೋ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

1969ರಲ್ಲಿ ಕಾಹ್ನೆಮನ್ ತಮ್ಮ ತರಗತಿಗೆ ಮಾತಾಡಲು ಕಿರಿಯ ಸಹೋದ್ಯೋಗಿ ಏಮೋಸ್ ಟ್ವರ್ಸ್ಕಿಯವರನ್ನು ಕರೆದರು. ಅಲ್ಲಿಂದ ಶುರುವಾದ ಜೊತೆ ಮನಶ್ಶಾಸ್ತ್ರದಲ್ಲೇ ಅಪರೂಪದ್ದು. ದಿನಗಟ್ಟಲೆ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಹಾಕುವುದು, ಥಟ್ಟನೆ ಬಂದ ತಪ್ಪು ಉತ್ತರವನ್ನು ಹಿಡಿದು ನಗುವುದು, ಆ ತಪ್ಪು ಎಲ್ಲಿಂದ ಬಂತೆಂದು ಹುಡುಕುವುದು. ಮೊದಲ ಲೇಖನದಲ್ಲಿ ಯಾರ ಹೆಸರು ಮುಂದಿರಬೇಕೆಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರು. 1974ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅವರ ಲೇಖನ ವೈದ್ಯರು, ನ್ಯಾಯಾಧೀಶರು, ಅರ್ಥಶಾಸ್ತ್ರಜ್ಞರೆಲ್ಲ ಓದುವಂತಾಯಿತು.

ಅದರಲ್ಲಿನ ಒಂದು ಪ್ರಯೋಗ ನೋಡಿ. ಸೊನ್ನೆಯಿಂದ 100ರವರೆಗೆ ಅಂಕೆಗಳಿರುವ ಒಂದು ಚಕ್ರ. ತಿರುಗಿಸಿದರೆ ಒಂದೋ 10ಕ್ಕೆ, ಇಲ್ಲವೇ 65ಕ್ಕೆ ನಿಲ್ಲುವಂತೆ ಗುಟ್ಟಾಗಿ ಮಾಡಿಟ್ಟಿದ್ದರು. ಚಕ್ರ ನಿಂತ ಮೇಲೆ ಕೇಳುತ್ತಿದ್ದ ಪ್ರಶ್ನೆ: ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳಲ್ಲಿ ಆಫ್ರಿಕಾದವು ಶೇಕಡಾ ಎಷ್ಟು? ಚಕ್ರಕ್ಕೂ ಆಫ್ರಿಕಾಕ್ಕೂ ಏನೂ ಸಂಬಂಧವಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ 10 ಕಂಡವರ ಉತ್ತರ 25ರ ಸುತ್ತ, 65 ಕಂಡವರದು 45ರ ಸುತ್ತ. ಕಿವಿಗೆ ಮೊದಲು ಬಿದ್ದ ಅಂಕೆಗೆ ಮನಸ್ಸು ಲಂಗರು ಹಾಕಿಬಿಡುತ್ತದೆ. ನಿವೇಶನ ಕೊಳ್ಳಲು ಹೋದಾಗ ದಲ್ಲಾಳಿ ಮೊದಲು ಹೇಳುವ ಬೆಲೆ ಮಾಡುವ ಕೆಲಸವೂ ಅದೇ.

ಮಾತಿನ ಚೌಕಟ್ಟು ಇನ್ನೊಂದು. ಟ್ವರ್ಸ್ಕಿ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಬಗ್ಗೆ ಎರಡು ಥರ ಹೇಳಿದರು. ಮೊದಲ ತಿಂಗಳಲ್ಲಿ ನೂರಕ್ಕೆ 90 ಜನ ಬದುಕುತ್ತಾರೆ ಎಂದು ಒಮ್ಮೆ, 10 ಜನ ಸಾಯುತ್ತಾರೆ ಎಂದು ಇನ್ನೊಮ್ಮೆ. ಎರಡೂ ಒಂದೇ. ಬದುಕುತ್ತಾರೆ ಎಂದಾಗ ಶಸ್ತ್ರಚಿಕಿತ್ಸೆ ಆರಿಸಿದವರು ಹೆಚ್ಚು. ಈ ವ್ಯತ್ಯಾಸ ವೈದ್ಯರಲ್ಲೂ ಕಂಡಿತು. ಆಸ್ಪತ್ರೆಯಲ್ಲಿ ಮನೆಯವರ ಪರವಾಗಿ ತೀರ್ಮಾನ ಮಾಡಬೇಕಾಗಿ ಬಂದಾಗ, ವೈದ್ಯರು ಒಂದು ರೀತಿಯಲ್ಲಿ ಹೇಳಿದ್ದನ್ನು ನೀವು ಇನ್ನೊಂದು ರೀತಿಯಲ್ಲೂ ಒಮ್ಮೆ ಹೇಳಿಕೊಂಡು ನೋಡಿ.

ಮುಂದಿನ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ನಷ್ಟದ ನೋವು ಅಷ್ಟೇ ಲಾಭದ ಸುಖಕ್ಕಿಂತ ದೊಡ್ಡದು ಎಂಬುದರ ಮೇಲೆ ಕಟ್ಟಿದ ಕಾಹ್ನೆಮನ್ ಮತ್ತು ಟ್ವರ್ಸ್ಕಿಯವರ ಸಿದ್ಧಾಂತ 1979ರಲ್ಲಿ ಬಂತು. ಟ್ವರ್ಸ್ಕಿ 1996ರಲ್ಲಿ, 59ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 2002ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಕಾಹ್ನೆಮನ್ ಅವರಿಗೆ, ವರ್ನನ್ ಸ್ಮಿತ್ ಅವರೊಂದಿಗೆ ಬಂತು. ಅದಕ್ಕೆ ಕಾರಣವಾದ ಕೆಲಸ ಟ್ವರ್ಸ್ಕಿಯವರ ಜೊತೆಗೂಡಿ ಮಾಡಿದ್ದೆಂದು ಅವರು ಎಲ್ಲ ಕಡೆಯೂ ಹೇಳುತ್ತಿದ್ದರು.

ಇಷ್ಟೆಲ್ಲ ತಿಳಿದವರು ತಾವೇ ಈ ಬಲೆಗೆ ಬೀಳುವುದಿಲ್ಲವೇ? ಬೀಳುತ್ತಾರೆ. 1970ರ ದಶಕದಲ್ಲಿ ಕಾಹ್ನೆಮನ್ ಇಸ್ರೇಲಿನ ಪ್ರೌಢಶಾಲೆಗಳಿಗಾಗಿ ಒಂದು ಪಠ್ಯಪುಸ್ತಕ ಬರೆಯುವ ತಂಡ ಕಟ್ಟಿದರು. ವಿಷಯ ಯಾವುದು ಅಂತೀರಿ? ಸರಿಯಾಗಿ ತೀರ್ಮಾನ ಮಾಡುವುದು ಹೇಗೆ ಎಂಬುದೇ. ಎಷ್ಟು ಕಾಲ ಹಿಡಿಯುತ್ತದೆ ಎಂದು ಎಲ್ಲರೂ ಗುಟ್ಟಾಗಿ ಬರೆದುಕೊಟ್ಟರು: ಸುಮಾರು ಎರಡು ವರ್ಷ. ಆಮೇಲೆ ಕಾಹ್ನೆಮನ್, ತಂಡದಲ್ಲಿದ್ದ ಪಠ್ಯಕ್ರಮ ತಜ್ಞ ಸೀಮೋರ್ ಫಾಕ್ಸ್ ಅವರನ್ನು ಕೇಳಿದರು: ನಮ್ಮಂಥ ಬೇರೆ ತಂಡಗಳಿಗೆ ಎಷ್ಟು ಹಿಡಿದಿತ್ತು? ಫಾಕ್ಸ್ ಮುಖ ಕೆಂಪಾಯಿತು. ಸುಮಾರು ಶೇಕಡಾ 40 ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವಕ್ಕೆ ಏಳರಿಂದ ಹತ್ತು ವರ್ಷ ಹಿಡಿಯಿತು ಎಂದರು. ತಾವೇ ಎರಡು ವರ್ಷ ಎಂದು ಬರೆದುಕೊಟ್ಟಾಗ ಅವರಿಗೆ ಈ ಸಂಗತಿ ನೆನಪಿಗೇ ಬಂದಿರಲಿಲ್ಲ. ಎಲ್ಲರೂ ಕೇಳಿಸಿಕೊಂಡರು, ಮತ್ತೆ ಕೆಲಸಕ್ಕೆ ಕೂತರು. ಪುಸ್ತಕ ಮುಗಿದದ್ದು ಎಂಟು ವರ್ಷದ ಮೇಲೆ. ಅಷ್ಟರಲ್ಲಿ ಶಿಕ್ಷಣ ಇಲಾಖೆಗೆ ಆಸಕ್ತಿ ಹೋಗಿತ್ತು, ಅದು ಬಳಕೆಗೇ ಬರಲಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಈ ಮಾತನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ನಮ್ಮ ಯೋಜನೆಯ ಒಳಗೆ ಕೂತು ಲೆಕ್ಕ ಹಾಕುವುದಕ್ಕಿಂತ, ಇಂಥದೇ ಮನೆ ಕಟ್ಟಿದ ನಾಲ್ಕಾರು ಜನರನ್ನು ಕೇಳಿ ಅಲ್ಲಿಂದ ಲೆಕ್ಕ ಶುರುಮಾಡುವುದು ಲೇಸು ಎಂಬುದೇ ಕಾಹ್ನೆಮನ್ ಕಂಡುಕೊಂಡ ಉಪಾಯವೂ ಆಗಿತ್ತು.

ಹಾಗಾದರೆ ಅನುಭವಿಗಳ ಒಳಮಾತಿಗೆ ಬೆಲೆಯೇ ಇಲ್ಲವೇ? ಈ ಪ್ರಶ್ನೆಗೆ ಅವರು ಹುಡುಕಿದ ಉತ್ತರದ ದಾರಿ ನನಗೆ ಬಹಳ ಪ್ರಿಯ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಅಗ್ನಿಶಾಮಕ ದಳದವರ ಜೊತೆ ಕೆಲಸ ಮಾಡಿ, ಅಂತಃಪ್ರಜ್ಞೆಯನ್ನು ಗೌರವಿಸುವ ಪಂಥವನ್ನೇ ಕಟ್ಟಿದವರು. ಅವರು ಹೇಳುವ ಒಂದು ಘಟನೆಯಲ್ಲಿ, ಅಡುಗೆಮನೆಯ ಬೆಂಕಿಗೆ ನೀರು ಹೊಡೆಯುತ್ತಿದ್ದ ತಂಡದ ಮುಖ್ಯಸ್ಥ ಇದ್ದಕ್ಕಿದ್ದಂತೆ ಎಲ್ಲರೂ ಹೊರಗೆ ಬನ್ನಿ ಎಂದು ಕೂಗಿದ. ಏಕೆಂದು ಅವನಿಗೇ ಗೊತ್ತಿರಲಿಲ್ಲ. ಅವರು ಹೊರಬಿದ್ದ ಕೂಡಲೇ ನೆಲ ಕುಸಿಯಿತು. ಬೆಂಕಿಯ ಮೂಲ ಕೆಳಗಿನ ನೆಲಮಾಳಿಗೆಯಲ್ಲಿತ್ತು. ಬೆಂಕಿಯ ಸದ್ದು ಎಂದಿಗಿಂತ ಕಡಿಮೆ, ಕಿವಿಗೆ ತಾಗುವ ಕಾವು ಎಂದಿಗಿಂತ ಹೆಚ್ಚು. ಅದನ್ನು ಅವನ ಅನುಭವ ಹಿಡಿದಿತ್ತು.

ಕಾಹ್ನೆಮನ್ ಈ ಎದುರಾಳಿಯನ್ನೇ ಜೊತೆಗೆ ಕರೆದು, ವರ್ಷಗಟ್ಟಲೆ ಚರ್ಚಿಸಿ, 2009ರಲ್ಲಿ ಇಬ್ಬರ ಹೆಸರಿನಲ್ಲೂ ಒಂದು ಲೇಖನ ತಂದರು. ಇಬ್ಬರೂ ಒಪ್ಪಿದ ಷರತ್ತು ಎರಡು. ಆ ಕ್ಷೇತ್ರದಲ್ಲಿ ನಿಯಮಬದ್ಧತೆ ಇರಬೇಕು. ದೀರ್ಘಕಾಲದ ಅಭ್ಯಾಸವಿದ್ದು, ಸರಿಯೋ ತಪ್ಪೋ ಎಂದು ಬೇಗನೆ ತಿಳಿಯುತ್ತಿರಬೇಕು. ಅರಿವಳಿಕೆ ಕೊಡುವ ವೈದ್ಯರಿಗೆ ತಮ್ಮ ಕೆಲಸದ ಫಲ ಕೂಡಲೇ ಕಾಣುತ್ತದೆ, ಅವರು 'ಏನೋ ಸರಿಯಿಲ್ಲ' ಎಂದರೆ ಎಲ್ಲರೂ ನಿಲ್ಲಬೇಕು. ಹತ್ತು ವರ್ಷದ ಮುಂದಿನ ರಾಜಕೀಯ ಹೇಳುವ ಪಂಡಿತರಿಗೆ ಅಂಥ ತಿದ್ದುವಿಕೆ ಸಿಗುವುದೇ ಇಲ್ಲ. ಅವರ ಆತ್ಮವಿಶ್ವಾಸ ಎಷ್ಟೇ ಇರಲಿ, ಅದಕ್ಕೆ ತೂಕವಿಲ್ಲ.

ಕಾಹ್ನೆಮನ್ 2024ರ ಮಾರ್ಚಿನಲ್ಲಿ, 90ನೆಯ ವಯಸ್ಸಿನಲ್ಲಿ ತೀರಿಕೊಂಡರು. 2011ರಲ್ಲಿ ಬಂದ ಅವರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' ಪುಸ್ತಕವನ್ನು ಇವತ್ತಿಗೂ ಎಷ್ಟೋ ಜನ ಮೊದಲ ಸಲ ಕೈಗೆತ್ತಿಕೊಳ್ಳುತ್ತಾರೆ. ಹಾಗೆ ಓದಲು ಹೊರಟ ಯುವಕ ಯುವತಿಯರಿಗೆ ಒಂದು ಕಿವಿಮಾತು. ನಾಲ್ಕನೆಯ ಅಧ್ಯಾಯದಲ್ಲಿ, ಕಣ್ಣಿಗೆ ಬಿದ್ದ ಒಂದೆರಡು ಪದಗಳೇ ನಮ್ಮ ನಡಿಗೆಯನ್ನೂ ನಡತೆಯನ್ನೂ ಬದಲಿಸುತ್ತವೆ ಎಂಬಂಥ ಪ್ರಯೋಗಗಳು ಬರುತ್ತವೆ. ಅವುಗಳಲ್ಲಿ ಹಲವು ಬೇರೆಯವರು ಮತ್ತೆ ಮಾಡಿ ನೋಡಿದಾಗ ನಿಲ್ಲಲಿಲ್ಲ. ಕಾಹ್ನೆಮನ್ 2012ರಲ್ಲೇ ಆ ಕ್ಷೇತ್ರದ ಸಂಶೋಧಕರಿಗೆ ಬಹಿರಂಗ ಪತ್ರ ಬರೆದು, ನಿಮ್ಮ ಪ್ರಯೋಗಗಳನ್ನು ಒಬ್ಬರದನ್ನೊಬ್ಬರು ಪುನಃ ಮಾಡಿ ಪರೀಕ್ಷಿಸಿ ಎಂದು ಒತ್ತಾಯಿಸಿದರು. 2017ರಲ್ಲಿ, ಅಷ್ಟು ಚಿಕ್ಕ ಅಧ್ಯಯನಗಳನ್ನು ಅಷ್ಟು ನಂಬಿ ಬರೆದದ್ದು ತಮ್ಮ ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡರು. ಟ್ವರ್ಸ್ಕಿಯವರೊಂದಿಗೆ 1971ರಲ್ಲಿ ಬರೆದ ಮೊಟ್ಟಮೊದಲ ಲೇಖನವೇ ಚಿಕ್ಕ ಮಾದರಿಗಳನ್ನು ಸಂಶೋಧಕರು ಅತಿಯಾಗಿ ನಂಬುವುದರ ಬಗ್ಗೆ ಇತ್ತು, ಅದನ್ನೂ ತಾವಾಗಿಯೇ ನೆನಪಿಸಿದರು. ಆ ಅಧ್ಯಾಯವನ್ನು ಅವರ ಈ ಮಾತಿನೊಂದಿಗೇ ಓದಿ. ತರಬೇತುದಾರರ ಪ್ರಸಂಗ ಹದಿನೇಳನೆಯ ಅಧ್ಯಾಯದಲ್ಲಿದೆ. ಅದನ್ನು ಓದುವ ಅಗತ್ಯವೂ ಇಲ್ಲ. ಒಂದು ಚೂರು ಸೀಮೆಸುಣ್ಣ, ಎರಡು ನಾಣ್ಯ, ಒಂದು ಕೋಣೆ ತುಂಬ ಮಕ್ಕಳಿದ್ದರೆ ನಾಳೆಯೇ ನಿಮ್ಮ ಶಾಲೆಯಲ್ಲಿ ಮಾಡಿ ನೋಡಬಹುದು.